ನೀನು ಕೇಳದ ಐದು ಪುಸ್ತಕಗಳು

ಮಾರ್ಚ್ ೯, ಭಾನುವಾರ

ನನ್ನ ದೊರೆಗೆ,

ಅಕ್ಕನ ಆಶೀರ್ವಾದಗಳು. ಒಂದು ಕಾಗದ ಬರೆಯುವುದಕ್ಕೆ ಎಂಟು ತಿಂಗಳು ತೆಗೆದುಕೊಂಡೆ, ಕ್ಷಮಿಸು. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಹರಿದು ಹಾಕಿದ್ದೇನೆ. ‘ಇತ್ತ ಎಲ್ಲರೂ ಕ್ಷೇಮ’ ಅಂತ ಬರೆಯುವುದು ರೂಢಿ. ಇತ್ತ ಎಲ್ಲರೂ ಅಂದರೆ ನಾನೊಬ್ಬಳೇ, ಎಡ ಮೊಣಕಾಲೊಂದನ್ನು ಬಿಟ್ಟರೆ ಕ್ಷೇಮವಾಗಿದ್ದೇನೆ.

ಇದನ್ನು ನಿನಗೆ ಓದಿ ಹೇಳುತ್ತಿರುವ ಹೊಲಿಗೆಯವರಿಗೂ ನನ್ನ ನಮಸ್ಕಾರ. ಅಮ್ಮಾ, ನಿಮ್ಮ ಅಂಗಡಿ ಇವನ ಕೋಣೆಯ ಕೆಳಗೇ ಇದೆ, ಇವನಿಗೆ ಬಂದ ಕಾಗದ ಪತ್ರ ಎಲ್ಲ ನೀವೇ ಓದಿ ಹೇಳುತ್ತೀರಿ ಅಂತ ಫೋನಿನಲ್ಲಿ ಹೇಳಿದ್ದ. ‘ಚೆನ್ನಾಗೇ ಓದ್ತಾರೆ, ಆದ್ರೆ ಬೇಗ ಮುಗಿಸೋಕೆ ಸಾಲು ಹಾರಿಸ್ತಾರೆ’ ಅಂತಲೂ ಹೇಳಿದ್ದ. ಚಾಡಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಇವನ ಸ್ವಭಾವವೇ ಅಷ್ಟು. ಜಗತ್ತಿನ ಪಿಯಾನೊಗಳಿಗೆಲ್ಲ ಶ್ರುತಿ ಕೂರಿಸುವ ಕಿವಿ, ಯಾರು ಓದಿದರೂ ಒಂದು ಹುಳುಕು ಹಿಡಿಯದಿದ್ದರೆ ತಿಂದದ್ದು ಅರಗುವುದಿಲ್ಲ. ಅದಕ್ಕೇ ಮನೆಯಲ್ಲಿ ಇವನನ್ನು ದೊರೆ ಅನ್ನುತ್ತಿದ್ದದ್ದು.

ದೊರೆ, ನಿನ್ನ ಚುಕ್ಕಿ ಲಿಪಿ ಕಲಿಯುತ್ತೇನೆ ಅಂತ ಹದಿನೇಳು ವರ್ಷ ಹೇಳುತ್ತಲೇ ಬಂದೆ, ಕಲಿಯಲಿಲ್ಲ. ಅಮ್ಮ ತೀರಿಕೊಂಡ ಒಂದು ತಿಂಗಳಿಗೆ ನೀನು ಉಪಕರಣದ ಚೀಲ ಹೊತ್ತು ನನ್ನ ಮನೆಗೆ ಬಂದಾಗಲೇ ಶುರು ಮಾಡಿದ್ದರೆ ಇಷ್ಟು ಹೊತ್ತಿಗೆ ಪಂಡಿತೆಯಾಗುತ್ತಿದ್ದೆ. ಫೋನಿಗೆ ಬರೆದು ಕಳಿಸಿದರೆ ಅದರೊಳಗಿನ ದನಿ ಓದುತ್ತದೆ, ಗೊತ್ತು. ಆದರೆ ಅದು ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳಿದ ಹಾಗೆ ಓದುತ್ತದೆ. ನಾನೇ ಮಾತಾಡಿ ಧ್ವನಿಮುದ್ರಿಸಿ ಕಳಿಸಬಹುದಿತ್ತು. ನನ್ನ ದನಿಗೆ ನಿನ್ನ ಕೋಣೆಯಲ್ಲಿ ಈಗ ಜಾಗವಿಲ್ಲ ಅಂತ ಹೋದ ವಾರವಷ್ಟೇ ತಿಳಿಯಿತು.

ಹೇಗೆ ತಿಳಿಯಿತು ಅಂದರೆ, ಹೊಲಿಗೆಯವರಿಗೂ ಅರ್ಥವಾಗುವ ಹಾಗೆ ಹೇಳುತ್ತೇನೆ. ನಾನು ಕಣ್ಣು ಕಾಣದವರಿಗಾಗಿ ಇರುವ ಗ್ರಂಥಾಲಯದಲ್ಲಿ ಪುಸ್ತಕ ಓದುವವಳು. ಗಾಜಿನ ಕೋಣೆಯಲ್ಲಿ ಕೂತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಗಟ್ಟಿಯಾಗಿ ಓದುತ್ತೇನೆ, ಅದನ್ನು ಡಿಸ್ಕಿಗೆ ತುಂಬಿ ಸದಸ್ಯರ ಮನೆಗಳಿಗೆ ಅಂಚೆಯಲ್ಲಿ ಕಳಿಸುತ್ತಾರೆ. ನನ್ನ ತಮ್ಮನೂ ಸದಸ್ಯ. ಒಂದೇ ಮನೆಯಲ್ಲಿದ್ದಾಗಲೂ ಅವನಿಗೆ ಡಿಸ್ಕು ಅಂಚೆಯಲ್ಲೇ ಬರಬೇಕು. ನಾನು ಚೀಲದಲ್ಲಿ ತಂದುಕೊಟ್ಟರೆ ಮುಟ್ಟುತ್ತಿರಲಿಲ್ಲ. ನಾನು ಅಡುಗೆಮನೆಯಲ್ಲಿ, ನನ್ನ ದನಿ ಅವನ ಕೋಣೆಯಲ್ಲಿ. ಕೇಳಿ ಮುಗಿಸಿದ ಮೇಲೆ ಊಟಕ್ಕೆ ಕೂತು ಇಬ್ಬರೂ ಆ ಪುಸ್ತಕದ ಜನ್ಮ ಜಾಲಾಡುತ್ತಿದ್ದೆವು.

ಹೋದ ವಾರ ಗ್ರಂಥಾಲಯದ ಎರವಲು ಪಟ್ಟಿ ತೆಗೆದು ನಿನ್ನ ಸದಸ್ಯ ಸಂಖ್ಯೆ ಹುಡುಕಿದೆ. ಹಾಗೆ ನೋಡಬಾರದು, ನೋಡಿದೆ. ಎಂಟು ತಿಂಗಳಲ್ಲಿ ಹನ್ನೊಂದು ಪುಸ್ತಕ ತರಿಸಿದ್ದೀಯ. ಹನ್ನೊಂದೂ ನಮ್ಮ ಗಂಟಲಯ್ಯ ಓದಿದ್ದು. ಹೂಗಿಡ ಬೆಳೆಸುವ ಪುಸ್ತಕವನ್ನೂ ದೆವ್ವದ ಕಥೆಯ ಹಾಗೆ ಓದುವ ಮನುಷ್ಯ, ಅವನನ್ನು ನೀನು ಎಷ್ಟು ಆಡಿಕೊಂಡು ನಗುತ್ತಿದ್ದೆ! ಹೊಸದಾಗಿ ಬಂದವು ಅಂತ ಗ್ರಂಥಾಲಯದವರೇ ಕಳಿಸಿದ ನನ್ನ ಎರಡು ಡಿಸ್ಕುಗಳು ಅಂಟಿಸಿದ್ದು ಬಿಚ್ಚದೆ ವಾಪಸು ಬಂದಿವೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಿದ್ದಳು ಅಮ್ಮ. ನನ್ನದು ಆಡಿ ಹೋದ ಮಾತಾಗಿದ್ದರೆ ಚೆನ್ನಾಗಿತ್ತು, ಅದು ಡಿಸ್ಕಿನಲ್ಲಿ ಉಳಿದ ಮಾತು.

ಹೊಲಿಗೆಯವರೇ, ಹೋದ ಜೂನ್‌ನಲ್ಲಿ ಒಂದು ಸಮುದ್ರಯಾನದ ಕಾದಂಬರಿ ಓದಿದೆ. ಅದರ ಹದಿನಾಲ್ಕನೆಯ ಅಧ್ಯಾಯ ಮುಗಿದ ಕಡೆ ತಮ್ಮನ ಬಗ್ಗೆ ನಾನು ಆಡಿದ ಒಂದು ಮಾತು ಸೇರಿಕೊಂಡುಬಿಟ್ಟಿತು. ಕೇಳಬಾರದವನು ಕೇಳಿದ. ತೆಗೆಯಬೇಕಾದ್ದು ಉಳಿದುಹೋಯಿತು ಕಣೋ ಅಂತ ನಾನು ಹೇಳಿದೆ. ‘ತಪ್ಪು ಎಲ್ಲರಿಂದಲೂ ಆಗುತ್ತೆ, ಬಿಡಕ್ಕ’ ಅಂದ. ಒಂಬತ್ತನೆಯ ದಿನ ಚೀಲ ಕಟ್ಟಿದ. ನಿಮ್ಮೂರಿನ ವಾದ್ಯದ ಕಾರ್ಖಾನೆಯವರು ಬಹಳ ದಿನದಿಂದ ಕರೆಯುತ್ತಿದ್ದಾರೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದ. ನಾನೂ ಇಲ್ಲ ಅಂದುಕೊಂಡೆ. ಫೋನು ಮಾಡಿದರೆ ‘ಅಲ್ಲಿ ಚಳಿ ಹೇಗಿದೆ ಅಕ್ಕ’ ಅಂತ ಕೇಳುತ್ತಾನೆ.

ಇರಲಿ. ಕಾಗದ ಬರೆಯಲು ಕೂತದ್ದು ಅಳುವುದಕ್ಕಲ್ಲ. ನೀನು ಹೋದ ಮೇಲೆ ಐದು ಪುಸ್ತಕ ಓದಿ ಮುಗಿಸಿದ್ದೇನೆ, ಒಂದರ ಬಗ್ಗೆಯೂ ಯಾರ ಹತ್ತಿರವೂ ಜಗಳವಾಡಿಲ್ಲ. ಗಂಟಲಯ್ಯನನ್ನು ಕೇಳಿದರೆ ‘ಪುಸ್ತಕ ಪುಸ್ತಕದ ಹಾಗಿದೆ’ ಅನ್ನುತ್ತಾನೆ, ಅಡ್ಡಗೋಡೆಯ ಮೇಲೆ ದೀಪ. ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಒಂದಾದರೂ ನಿನಗೆ ಬೇಕು ಅನ್ನಿಸಲಿ ಅನ್ನುವ ಆಸೆಯನ್ನೂ ಬಚ್ಚಿಡುವುದಿಲ್ಲ.

ಮೊದಲನೆಯದು ಪತ್ತೇದಾರಿ. ನಾನೂರ ಹನ್ನೆರಡು ಪುಟ. ಕೊಲೆಗಾರ ಯಾರು ಅಂತ ನಾನು ಅರವತ್ತನೆಯ ಪುಟದಲ್ಲಿ ಹೇಳಿದೆ, ನೀನಾಗಿದ್ದರೆ ಮೂವತ್ತಕ್ಕೇ ಹೇಳುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಈ ಪುಣ್ಯಾತ್ಮ ಕೊಲೆಗಾರನೋ, ಪತ್ತೇದಾರ ಕೋಣೆಗೆ ಬಂದಾಗಲೆಲ್ಲ ಕೆಮ್ಮುತ್ತಾನೆ. ಅವನ ಪಾಲಿಗೆ ನಾನು ಎಪ್ಪತ್ತಮೂರು ಸಲ ಕೆಮ್ಮಿದ್ದೇನೆ, ಆಮೇಲೆ ಒಂದು ವಾರ ನಿಜವಾದ ಕೆಮ್ಮು ಬಂತು. ಆದರೆ ಒಂದು ಮಾತು ಒಪ್ಪಬೇಕು, ದೊರೆ. ಕಣ್ಣಿನಲ್ಲಿ ಓದುವವರಿಗೆ ಇಂಥ ಪುಸ್ತಕ ಒಂದು ಆಟ. ಬಾಯಲ್ಲಿ ಓದುವವಳಿಗೆ ಅದು ಸುಳ್ಳು ಹೇಳುವ ಕೆಲಸ. ನನಗೆ ಎಲ್ಲ ಗೊತ್ತಿದೆ, ಗೊತ್ತಿದೆ ಅಂತ ದನಿಯಲ್ಲಿ ಕಾಣಿಸಬಾರದು. ಕೊಲೆಗಾರ ‘ಅಯ್ಯೋ ಪಾಪ’ ಅಂದರೆ ನಾನೂ ಮನಸ್ಸಾರೆ ಅನ್ನಬೇಕು. ಆ ಕೆಲಸ ನನಗೆ ಇಷ್ಟು ಸುಲಭವಾಗಿ ಒಗ್ಗಿದ್ದು ನನಗೇ ಹಿಡಿಸಲಿಲ್ಲ.

ಎರಡನೆಯದು ಧೂಳಿನ ಬಗ್ಗೆ. ನಗಬೇಡ. ಒಬ್ಬ ವಿಜ್ಞಾನಿ ಮನೆಗಳ ಧೂಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನಲವತ್ತು ವರ್ಷ ನೋಡಿದ್ದಾನೆ. ಪಾಪ, ಹೆಂಡತಿಗೆ ಮನೆ ಗುಡಿಸುವುದಕ್ಕೆ ಬಿಟ್ಟನೋ ಇಲ್ಲವೋ. ಈ ವರ್ಷ ನಾನು ಓದಿದ್ದರಲ್ಲಿ ಸರಳವಾದ ಭಾಷೆ ಇದರದ್ದೇ. ತಾನು ಬುದ್ಧಿವಂತ ಅಂತ ಎಲ್ಲೂ ತೋರಿಸಿಕೊಳ್ಳುವುದಿಲ್ಲ, ಗೊತ್ತಿಲ್ಲದ ಕಡೆ ಗೊತ್ತಿಲ್ಲ ಅನ್ನುತ್ತಾನೆ. ಕಷ್ಟವಾದದ್ದು ನಕ್ಷೆಗಳು. ಗೆರೆ ಬೆಟ್ಟದ ಹಾಗೆ ಏರುತ್ತದೆ ಅಂತ ಓದಹೋದೆ, ನಿನ್ನ ಬೈಗುಳ ನೆನಪಾಯಿತು. ‘ಬೆಟ್ಟ ಗಿಟ್ಟ ಬೇಡ, ಎಲ್ಲಿಂದ ಎಲ್ಲಿಗೆ ಏರ್ತು ಅಷ್ಟು ಹೇಳು’ ಅನ್ನುತ್ತಿದ್ದೆಯಲ್ಲ, ಹಾಗೇ ಅಂಕಿ ಹೇಳಿದೆ. ಅವನ ಪ್ರಕಾರ ಜನ ಓಡಾಡುವ ಕೋಣೆಯಲ್ಲಿ ಧೂಳು ಹೆಚ್ಚಂತೆ, ಬಟ್ಟೆಯಿಂದ, ಮೈಯಿಂದ ಉದುರುವುದೇ ಅದರಲ್ಲಿ ಬಹಳವಂತೆ. ಅವತ್ತು ಮನೆಗೆ ಬಂದು ಮೊದಲು ನಡುಮನೆಯ ಮೇಜಿನ ಮೇಲೆ, ಆಮೇಲೆ ನಿನ್ನ ಕೋಣೆಯ ಮೇಜಿನ ಮೇಲೆ ಬೆರಳು ಎಳೆದು ನೋಡಿದೆ. ಪುಸ್ತಕ ಸರಿಯಾಗಿಯೇ ಹೇಳಿದೆ.

ಮೂರನೆಯದು ಒಬ್ಬ ನಿವೃತ್ತ ದೊಡ್ಡ ಅಧಿಕಾರಿಯ ಆತ್ಮಕಥೆ. ಪುಟಕ್ಕೆ ಹನ್ನೊಂದು ‘ನಾನು’. ಒಂದು ಪುಟ ಬೆರಳಿಟ್ಟು ಎಣಿಸಿಯೇ ಹೇಳುತ್ತಿದ್ದೇನೆ. ಸೇತುವೆ ಕಟ್ಟಿಸಿದವನು ನಾನು, ಪ್ರವಾಹ ಬಂದಾಗ ನಿದ್ದೆ ಬಿಟ್ಟವನು ನಾನು, ಬುದ್ಧಿ ಹೇಳಿದವನು ನಾನು. ಮುನ್ನೂರ ಎಂಬತ್ತು ಪುಟಗಳಲ್ಲಿ ಹೆಂಡತಿ ಮೂರು ಸಲ ಬರುತ್ತಾಳೆ, ಎರಡು ಸಲ ಚಹಾದ ತಟ್ಟೆ ಹಿಡಿದು, ಒಂದು ಸಲ ತೀರಿಕೊಂಡು. ಓದುತ್ತಾ ಓದುತ್ತಾ ನನಗೆ ರೇಗಿ, ಇವಳು ಯಾವಾಗಲಾದರೂ ಕೂತಳೇ ಅಂತ ಕೇಳಿಬಿಡಬೇಕು ಅನ್ನಿಸಿತು. ನಾಲಗೆ ಕಚ್ಚಿಕೊಂಡೆ. ಈಗ ನಾನು ಪುಸ್ತಕದಲ್ಲಿ ಇಲ್ಲದ್ದು ಒಂದಕ್ಷರ ಆಡುವುದಿಲ್ಲ.

ಆದರೆ ಆ ಪುಸ್ತಕವನ್ನು ಬೈಯುತ್ತಲೇ ಒಂದು ವಿಷಯ ಹೊಳೆಯಿತು. ಅವನಿಗೆ ‘ನನ್ನ ತ್ಯಾಗಗಳು’ ಅಂತ ಒಂದು ಇಡೀ ಅಧ್ಯಾಯವಿದೆ. ಯಾರಿಗೆ ಏನು ಮಾಡಿದೆ, ಅದಕ್ಕಾಗಿ ಏನು ಬಿಟ್ಟೆ, ಎಲ್ಲ ಪಟ್ಟಿ. ಕಣ್ಣಿನಲ್ಲಿ ಓದಿದರೆ ಮರುಕ ಬರಬಹುದೇನೋ. ಗಟ್ಟಿಯಾಗಿ ಓದಿದಾಗ ನನ್ನ ದನಿ ನನಗೇ ಪರಿಚಿತವಾಗಿ ಕೇಳಿಸಿತು. ನಾನೂ ಒಳಗೊಳಗೇ ಅಂಥದೊಂದು ಅಧ್ಯಾಯ ಬರೆದುಕೊಂಡೇ ಬಂದಿದ್ದೆ. ದಿನಪತ್ರಿಕೆ ಓದಿದ್ದು, ನಿನ್ನ ಕಾಗದ ಓದಿದ್ದು, ತಂತಿಗಳ ಬೆಲೆಪಟ್ಟಿ ಓದಿದ್ದು, ಔಷಧಿ ಡಬ್ಬಿಯ ಮೇಲಿನ ಸಣ್ಣಕ್ಷರ ಓದಿದ್ದು. ನೀನು ನನಗೆ ಏನು ಮಾಡಿದೆ ಅನ್ನುವುದಕ್ಕೆ ಆ ಅಧ್ಯಾಯದಲ್ಲಿ ಜಾಗವೇ ಇರಲಿಲ್ಲ. ನನಗೆ ಜ್ವರ ಬಂದ ವಾರ ನೀನೇ ಒಲೆ ಹಚ್ಚಿದ್ದು, ಉಪ್ಪು ಎರಡು ಸಲ ಬಿದ್ದಿದೆ ಅಂದಿದ್ದಕ್ಕೆ ‘ದೊರೆಯ ಕೈಯಡುಗೆ, ಸುಮ್ನೆ ತಿನ್ನು’ ಅಂದಿದ್ದು, ಯಾವುದೂ ಬರೆದುಕೊಂಡಿರಲಿಲ್ಲ.

ನಾಲ್ಕನೆಯದು ಕವನಗಳು. ನಲವತ್ತು ಕವನ, ಮೂವತ್ತೊಂದರಲ್ಲಿ ಚಂದ್ರ. ಚಂದ್ರನಿಗೂ ವಾರಕ್ಕೊಂದು ರಜೆ ಬೇಡವೇ? ಆದರೆ ಅವನಿಲ್ಲದ ಒಂಬತ್ತಿವೆಯಲ್ಲ, ಅವು ಚೆನ್ನಾಗಿವೆ. ಒಂದರಲ್ಲಿ ಒಬ್ಬಳು ಒಗೆದ ಬಟ್ಟೆ ಮಡಿಸುತ್ತಾಳೆ, ಅಷ್ಟೇ ವಿಷಯ. ನಾನು ಮೂರು ಸಲ ಓದಿದ ಮೇಲೆ ದನಿ ನಡುಗದೆ ಬಂತು. ಕವನದಲ್ಲಿ ಕಷ್ಟ ಮಾತಿನದಲ್ಲ, ಮಾತು ಮುಗಿದ ಮೇಲಿನದು. ಎಷ್ಟು ಹೊತ್ತು ಸುಮ್ಮನಿರಬೇಕು? ಮೊದಲಾದರೆ ಕತ್ತರಿ ಗಾಜಿನ ಆಚೆ ಕೂತು ನನ್ನ ಮುಖ ನೋಡುತ್ತಿದ್ದ, ಸಾಕು ಅನ್ನಿಸಿದಾಗ ತಲೆಯಾಡಿಸುತ್ತಿದ್ದ. ಹೊಲಿಗೆಯವರೇ, ಕತ್ತರಿ ಅಂದರೆ ನಮ್ಮ ಧ್ವನಿಮುದ್ರಣದವನು. ನಮ್ಮ ತಪ್ಪುಗಳನ್ನು ಕತ್ತರಿಸುವವನು, ಅದಕ್ಕೆ ಆ ಹೆಸರು. ಈಗ ಅವನ ಜಾಗಕ್ಕೆ ಬಂದಿರುವ ಹುಡುಗಿ ಎರಡೇ ಸೆಕೆಂಡು ಕೊಡುತ್ತಾಳೆ, ನಾನು ಉಸಿರೆಳೆದುಕೊಂಡದ್ದನ್ನೂ ಕತ್ತರಿಸುತ್ತಾಳೆ. ಅವಳ ಕೈಯಲ್ಲಿ ನಾನು ಉಸಿರೇ ಆಡದವಳ ಹಾಗೆ ಕೇಳಿಸುತ್ತೇನೆ.

ಐದನೆಯದನ್ನು ಸಾಹಿತ್ಯ ಅಂತ ಯಾರೂ ಒಪ್ಪುವುದಿಲ್ಲ, ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ. ಮನೆಯ ಸಣ್ಣಪುಟ್ಟ ರಿಪೇರಿ ನಾವೇ ಮಾಡಿಕೊಳ್ಳುವುದು ಹೇಗೆ ಅನ್ನುವ ಪುಸ್ತಕ. ಬರೆದವನು ಕೊಳಾಯಿ ಕೆಲಸದವನು. ಒಂದು ಸಾಲೂ ಹೆಚ್ಚಿಲ್ಲ. ‘ಮೊದಲು ನೀರು ನಿಲ್ಲಿಸಿ. ನಿಲ್ಲಿಸಿದ್ದೇನೆ ಅಂದುಕೊಳ್ಳಬೇಡಿ, ಹೋಗಿ ನೋಡಿ’ ಅಂತ ಶುರುವಾಗುತ್ತದೆ. ಇದನ್ನು ಓದಿದ ಮೇಲೆ ಆ ಅಧಿಕಾರಿಯನ್ನು ಇವನ ಹತ್ತಿರ ಪಾಠಕ್ಕೆ ಕಳಿಸಬೇಕು ಅನ್ನಿಸಿತು. ಬಚ್ಚಲಿನ ನಲ್ಲಿ ಎರಡು ತಿಂಗಳಿಂದ ಸೋರುತ್ತಿತ್ತು. ಒಂದು ಶನಿವಾರ ನಾನೇ ಬಿಚ್ಚಿ, ಒಳಗಿನ ರಬ್ಬರು ಬದಲಾಯಿಸಿ, ಮತ್ತೆ ಕೂರಿಸಿದೆ. ನಿಂತುಹೋಯಿತು. ಎಷ್ಟು ಹಿಗ್ಗಿದೆನೆಂದರೆ ಕೈ ಒರೆಸಿಕೊಳ್ಳುತ್ತಾ ನಡುಮನೆಗೆ ಓಡಿಬಂದೆ. ಬಂದು ನಿಂತೆ. ಹೇಳುವುದಕ್ಕೆ ಯಾರಿದ್ದಾರೆ? ಸೋಮವಾರ ಬಸ್ಸಿನ ಕಂಡಕ್ಟರಿಗೆ ಹೇಳಿದೆ. ‘ಮುಂದೆ ಹೋಗಿ ಮೇಡಂ’ ಅಂದ.

ನೋಡು, ಇಷ್ಟೇ ನನ್ನ ಎಂಟು ತಿಂಗಳು. ಈ ಮನೆಯಲ್ಲಿ ನನಗೆ ಒಬ್ಬಳೇ ಇರಲು ಬರುವುದಿಲ್ಲ, ದೊರೆ. ಬರುತ್ತದೆ ಅಂದುಕೊಂಡಿದ್ದೆ. ಮನೆಯಲ್ಲಿ ಸದ್ದಿರಲಿ ಅಂತ ನನ್ನದೇ ಹಳೆಯ ಡಿಸ್ಕು ಹಾಕಿಕೊಂಡು ಕೂತದ್ದೂ ಉಂಟು. ಎರಡು ನಿಮಿಷಕ್ಕೆ ಆರಿಸಿದೆ. ನೀನು ಸರಿಯಾಗಿಯೇ ಹೇಳುತ್ತಿದ್ದೆ, ವಾಕ್ಯದ ಕೊನೆಯನ್ನು ನಾನು ನುಂಗುತ್ತೇನೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಕೈಗೆ ತಂತಿ ತಗುಲಿದರೆ ಹಾಗೇ ಬಿಡಬೇಡ, ಹೊಲಿಗೆಯವರಿಗೆ ತೋರಿಸು. ನಿನ್ನ ಕೈ ಮುಟ್ಟಿದ ವಾದ್ಯಗಳೆಲ್ಲ ನಿನ್ನ ಮಾತು ಕೇಳಲಿ. ನೂರು ವರ್ಷ ಗಟ್ಟಿಯಾಗಿ ಬಾಳು, ನನ್ನ ಆಯಸ್ಸಿನಲ್ಲಿ ಉಳಿದದ್ದೂ ನಿನಗೇ ಸೇರಲಿ.

ಇಂತಿ,
ನಿನ್ನ ಅಕ್ಕ

ತಾ.ಕ.: ಹೊಲಿಗೆಯವರೇ, ಇಲ್ಲಿಂದ ಮುಂದೆ ದಯವಿಟ್ಟು ಒಂದು ಸಾಲೂ ಹಾರಿಸಬೇಡಿ. ಬೇರೆಯವರ ಮನೆಯ ವಿಷಯ ನಿಮ್ಮ ಬಾಯಲ್ಲಿ ಆಡಿಸುತ್ತಿದ್ದೇನೆ, ಕ್ಷಮಿಸಿ.

ದೊರೆ, ಆ ಮಾತು ಮರೆತು ಉಳಿದದ್ದಲ್ಲ.

ಓದುವಾಗ ತಪ್ಪಿದರೆ, ನಡುವೆ ಬೇರೆ ಮಾತು ಬಂದರೆ, ನಾವು ಒಂದು ಚಪ್ಪಾಳೆ ತಟ್ಟಬೇಕು. ಪರದೆಯ ಮೇಲೆ ಓಡುವ ದನಿಯ ಗೆರೆಯಲ್ಲಿ ಅದು ಮೊಳೆಯ ಹಾಗೆ ಎದ್ದು ಕಾಣುತ್ತದೆ, ಕತ್ತರಿ ಅಲ್ಲಿಗೆ ಹೋಗಿ ತೆಗೆಯುತ್ತಾನೆ. ಅವತ್ತು ಅಧ್ಯಾಯ ಮುಗಿಸಿ ನಾನು ಹೇಳಿದ್ದು ನಿನಗೆ ಬಾಯಿಪಾಠವೇ ಇರಬಹುದು. ‘ಈಗ ಮನೆಗೆ ಹೋದ್ರೆ ಅವನಿಗೆ ಮತ್ತೆ ಓದ್ಬೇಕು. ಹದಿನೇಳು ವರ್ಷ ಆಯ್ತು. ನನ್ನ ಬಾಯಿ ಒಂದು ದಿನಕ್ಕೂ ನನ್ನದಾಗಿಲ್ಲ.’ ಹೇಳಿ ನಾನು ಚಪ್ಪಾಳೆ ತಟ್ಟಲಿಲ್ಲ. ಆದರೂ ಕತ್ತರಿ ಪೂರ್ತಿ ಕೇಳುವಾಗ ಕಂಡುಹಿಡಿದ. ಮರುದಿನ ಬಂದು ಮೆಲ್ಲಗೆ, ‘ಅಕ್ಕ, ಹದಿನಾಲ್ಕರ ಕೊನೇಲಿ ನಿಮ್ಮ ಮಾತಿದೆ, ತೆಗೀತೀನಿ’ ಅಂದ.

‘ಬೇಡ, ಇರ್ಲಿ’ ಅಂದೆ.

‘ಅಕ್ಕ, ಇದು ಅವರಿಗೂ ಹೋಗುತ್ತೆ.’

‘ಹೋಗ್ಲಿ. ಕೇಳಿಸ್ಕೊಳ್ಳಲಿ.’

ಎದುರಿಗೆ ಕೂತು, ದೊರೆ, ನನಗೆ ದಣಿವಾಗಿದೆ, ಒಂದೆರಡು ದಿನ ಓದುವುದು ಬೇಡ ಅಂತ ಹೇಳುವುದಕ್ಕೆ ನನಗೆ ಬಾಯಿರಲಿಲ್ಲ. ಹೇಳಿದ್ದರೆ ನೀನು ‘ಆಯ್ತು, ಮಲ್ಕೋ’ ಅನ್ನುತ್ತಿದ್ದೆ, ಅಷ್ಟೇ. ಅದರ ಬದಲು ಆರುನೂರು ಜನ ಕೇಳುವ ಪುಸ್ತಕದೊಳಗೆ ಇಟ್ಟು ನಿನಗೆ ಕಳಿಸಿದೆ. ಸದಸ್ಯರಿಂದ ದೂರು ಬಂತು. ಮುಖ್ಯಸ್ಥೆ ಇಬ್ಬರನ್ನೂ ಕರೆದು ಕೇಳಿದಾಗ ಕತ್ತರಿ ನನಗಿಂತ ಮುಂಚೆ, ‘ನಾನೇ ನೋಡದೆ ಬಿಟ್ಟೆ ಮೇಡಂ’ ಅಂದ. ನಾನು ನೆಲ ನೋಡುತ್ತಾ ನಿಂತಿದ್ದೆ. ಅವನನ್ನು ಪ್ಯಾಕಿಂಗ್ ಕೋಣೆಗೆ ಹಾಕಿದರು. ಎಂಟು ತಿಂಗಳಿಂದ ನಿನ್ನ ಡಿಸ್ಕುಗಳ ಮೇಲೆ ನಿನ್ನ ವಿಳಾಸ ಅಂಟಿಸುತ್ತಿರುವವನು ಅವನೇ. ನನ್ನನ್ನು ಕಂಡರೆ ಈಗಲೂ ಅಕ್ಕ, ಚಹಾ ಆಯ್ತಾ ಅನ್ನುತ್ತಾನೆ.

ಮೊನ್ನೆ ಶುಕ್ರವಾರ ಹೋಗಿ ಮುಖ್ಯಸ್ಥೆಗೆ ನಿಜ ಹೇಳಿದೆ. ಬರೆದುಕೊಡಿ ಅಂದರು, ಬರೆದುಕೊಟ್ಟೆ. ನಾಳೆಯಿಂದ ಕತ್ತರಿ ತನ್ನ ಜಾಗಕ್ಕೆ ಬರುತ್ತಾನೆ, ನಾನು ಗಾಜಿನ ಕೋಣೆಗೆ ಹೋಗುವಂತಿಲ್ಲ. ಮೇಲೆ ಹೇಳಿದ ಐದೇ ನನ್ನ ಕೊನೆಯ ಪುಸ್ತಕಗಳು.

ನೀನು ಆ ಕೋಣೆಗೆ ಎಷ್ಟು ಸಲ ಬಂದಿಲ್ಲ? ಚಪ್ಪಾಳೆಯ ಪದ್ಧತಿ ನಿನಗೆ ಗೊತ್ತು, ಪೂರ್ತಿ ಕೇಳದೆ ಕತ್ತರಿ ಯಾವುದನ್ನೂ ಬಿಡುವುದಿಲ್ಲ ಅಂತಲೂ ಗೊತ್ತು. ‘ತಪ್ಪು ಎಲ್ಲರಿಂದಲೂ ಆಗುತ್ತೆ’ ಅಂದಾಗ ನೀನು ನಂಬಿದ್ದೆಯೋ, ನಂಬಿದ ಹಾಗೆ ಮಾಡಿ ನನ್ನ ಮಾನ ಉಳಿಸಿದೆಯೋ ಅಂತ ಯೋಚಿಸಿ ಯೋಚಿಸಿ ನನಗೆ ಸಾಕಾಗಿದೆ. ನನ್ನ ಬಾಯಿ ಈಗ ಪೂರ್ತಿ ನನ್ನದೇ. ಶುಕ್ರವಾರ ಸಂಜೆ ಮನೆಗೆ ಬಂದು ಬೀಗ ತೆಗೆದರೆ ಸೋಮವಾರ ಬೆಳಗ್ಗೆ ಬಸ್ಸಿನಲ್ಲಿ ಟಿಕೆಟು ಕೇಳುವವರೆಗೆ ಅದನ್ನು ತೆರೆಯುವ ಕೆಲಸ ಬೀಳುತ್ತಿರಲಿಲ್ಲ. ನಾಳೆಯಿಂದ ಆ ಟಿಕೆಟೂ ಇಲ್ಲ.

ಬಾ ಅಂತ ಕರೆಯುವ ಮುಖ ನನಗಿಲ್ಲ. ಬೈಯಬೇಕು ಅನ್ನಿಸಿದರೆ ಫೋನು ಮಾಡು, ಎಷ್ಟು ಹೊತ್ತಾದರೂ ಕೇಳುತ್ತೇನೆ.

ಹೊಲಿಗೆಯವರೇ, ಓದಿ ಮುಗಿಸಿದ ಕೂಡಲೇ ಎದ್ದು ಕೆಳಗೆ ಹೋಗಬೇಡಿ. ಅವನು ಹೋಗಿ ಅಂದರೂ ಹೋಗಬೇಡಿ. ಸ್ವಲ್ಪ ಹೊತ್ತು ಅವನ ಹತ್ತಿರ ಕೂತಿರಿ.